ಶುಕ್ರವಾರದ ಟೇಪು

ಕಿಟಕಿಯ ಕೆಳಗೆ ಒಂದು ಉದ್ದ ಮೇಜು. ಅದರ ಮೇಲೆ ಮಡಿಕೆ ಬಿಡಿಸಿ ಹಾಸಿದ ನೀಲಿ ಚೌಕುಳಿಯ ಒರೆಸುಬಟ್ಟೆ. ಬಟ್ಟೆಯ ಮೇಲೆ ಸಾಲಾಗಿ ನಾಲ್ಕು ವಸ್ತುಗಳು: ಅಂಚು ಸವೆದ ಫ್ಲಾಪಿ; ತನ್ನ ಮೇಲೆ ಬಿದ್ದ ಬೆಳಕನ್ನು ಏಳು ಬಣ್ಣಗಳಾಗಿ ಸೀಳಿಕೊಂಡ ಸಿ.ಡಿ.; ಇಟ್ಟಿಗೆಯಂತೆ ಕೂತ ಹಾರ್ಡ್ ಡಿಸ್ಕ್; ಹೆಬ್ಬೆರಳುದ್ದದ ಪೆನ್ ಡ್ರೈವ್. ಐದನೆಯದರ ಜಾಗ ಖಾಲಿ. ಹೊರಗೆ ಲಾಂಗ್‌ಮಾಂಟ್ ಊರಿನ ಫೆಬ್ರವರಿ ಬಿಸಿಲು ಹಿಮದಿಂದ ಪುಟಿದು ಬಂದು, ಆ ಖಾಲಿ ಜಾಗದ ಮೇಲೆ ಅಲುಗದೆ ನಿಂತಿತ್ತು.

ಆ ಜಾಗ ಹಾರ್ಲನ್ ಟೀಗ್ ತರಲಿದ್ದ ಟೇಪಿನದು. ಬೆಟ್ಟಗಳ ಹಿಮವನ್ನು ಅಳೆದಿಡುವ ಆ ಕಚೇರಿಯಲ್ಲಿ ಅವನು ಮೂವತ್ತನಾಲ್ಕು ವರ್ಷ, ಅಳತೆಗಳನ್ನು ತುಂಬಿದ ಟೇಪುಗಳನ್ನು ಕಾಯ್ದವನು. ನಿವೃತ್ತನಾದ ಮೇಲೂ ಶುಕ್ರವಾರ ತಪ್ಪಿಸದೆ ಬರುತ್ತಿದ್ದ. ಮೂಲೆಯ ಟೇಪು ಯಂತ್ರವಿಲ್ಲದಿದ್ದರೆ ಅವನಿಗೆ ಬರಲು ಕಾರಣವಿರಲಿಲ್ಲ.

ಆ ಬೆಳಿಗ್ಗೆ ಮೇಲಧಿಕಾರಿ ಲಿಂಡ್‌ಕ್ವಿಸ್ಟ್ ಕಟ್ಟುನಿಟ್ಟಾಗಿ ಹೇಳಿದ್ದ: "ತೊಂಬತ್ತೆಂಟರ ಚಳಿಗಾಲದ ಅಳತೆಗಳು ಹೊಸ ಯಂತ್ರಕ್ಕೆ ಸಾಗಿಸೋವಾಗ ಕಳೆದುಹೋಗಿವೆ. ಸಂಜೆ ನಾಲ್ಕರೊಳಗೆ ಎಲ್ಲಿಂದಾದ್ರೂ ಓದಿಸಿ. ಓದಿದ ಯಂತ್ರ ಉಳೀತದೆ. ಮಿಕ್ಕಿದ್ದೆಲ್ಲ ಗುಜರಿ ಲಾರಿಗೆ."

ಮೇಜಿನ ಮೇಲಿದ್ದ ನಾಲ್ಕೂ ಅದೇ ಕಚೇರಿಯ ಡೊಲೋರೆಸ್ ಆರ್ಚುಲೆಟಾಳವು. ಹೊಸ ಬಗೆಯ ಸಾಧನ ಬಂದಾಗಲೆಲ್ಲ ಹಳೆಯದನ್ನು ಕೈಬಿಟ್ಟು, ಆ ಚಳಿಗಾಲವನ್ನು ಮತ್ತೊಮ್ಮೆ ನಕಲು ಮಾಡಿಟ್ಟವಳು.

"ನಾಲ್ಕು ಮದುವೆ ಆದೋಳು ನೀನು," ಹಾರ್ಲನ್ ಬಾಗಿಲಲ್ಲೇ ಹಲ್ಲು ಕಿರಿದ. ಕಂಕುಳಲ್ಲಿ ಬೆಣ್ಣೆ ಬಿಸ್ಕತ್ತಿನ ತಗಡಿನ ಡಬ್ಬ. "ಗಂಡಂದಿರು ಹೇಗಿದಾರೆ?"

"ಬಾ ಮುದುಕಪ್ಪ, ನೀನೇ ನೋಡು."

ಅವಳು ಒಂದೊಂದನ್ನೇ ಕಂಪ್ಯೂಟರಿಗೆ ಹಾಕಿದಳು. ಫ್ಲಾಪಿ ಗರಗರ ಎಂದು ಗಂಟಲು ಸರಿಮಾಡಿಕೊಂಡಿತು, ಮಾತಾಡಲಿಲ್ಲ. ನೂರು ವರ್ಷ ಬಾಳುತ್ತದೆಂದು ಡಬ್ಬಿಯ ಮೇಲೆ ಬರೆಸಿಕೊಂಡಿದ್ದ ಸಿ.ಡಿ. ಡಿಸೆಂಬರಿನವರೆಗೆ ಓದಿ, ಅಲ್ಲೇ ಸುತ್ತತೊಡಗಿತು. ಹಾರ್ಡ್ ಡಿಸ್ಕ್ ಟಕ್ ಟಕ್ ಎಂದು ಕಟ್ಟುಹಲ್ಲು ಹುಡುಕಿತು, ಸಿಗಲಿಲ್ಲ. ಪೆನ್ ಡ್ರೈವ್ ಮಾತ್ರ ಕ್ಷಣದಲ್ಲಿ ತೆರೆಯಿತು, ಒಳಗೇನೂ ಇರಲಿಲ್ಲ. ಕರೆಂಟು ಕಾಣದೆ ವರ್ಷಗಟ್ಟಲೆ ಡ್ರಾಯರಿನಲ್ಲಿ ಮಲಗಿ ಎಲ್ಲವನ್ನೂ ಮರೆತಿತ್ತು.

"ಇವನು ಚುರುಕು ಕಣೇ," ಎಂದ ಹಾರ್ಲನ್, "ಕರೆದ ತಕ್ಷಣ ಓಡಿ ಬಂದು, ಯಾಕೆ ಬಂದೆ ಅಂತ ನಿನ್ನನ್ನೇ ಕೇಳ್ತಾನೆ."

"ಸಾಕು ಮಾರಾಯ, ನಿಂದು ತೆಗಿ."

ಆ ಕಚೇರಿಯಲ್ಲೊಂದು ಕಟ್ಟಳೆಯಿತ್ತು: ಕಚೇರಿ ಸುಟ್ಟುಹೋದರೂ ಅಳತೆಗಳು ಉಳಿಯಲೆಂದು, ಪ್ರತಿ ಚಳಿಗಾಲ ಮುಗಿದಾಗ ಅದರ ಟೇಪನ್ನು ಯಾರಾದರೂ ಮನೆಗೆ ಒಯ್ಯಬೇಕು. ತೊಂಬತ್ತೆಂಟರದನ್ನು ಒಂದು ಶುಕ್ರವಾರ ಒಯ್ದವನು ಹಾರ್ಲನ್. ಇಪ್ಪತ್ತೊಂದು ವರ್ಷ ನೆಲಮಾಳಿಗೆಯಲ್ಲಿ, ಬಿಸಿಲು ತಾಗದಂತೆ, ಶೀತ ತಾಗದಂತೆ, ಮಗುವನ್ನು ಹೊದಿಸಿದಂತೆ ಹೊದಿಸಿಟ್ಟಿದ್ದ. ಅವನು ಡಬ್ಬ ತೆರೆದು, ಬೂದುಬಣ್ಣದ ಕ್ಯಾಸೆಟ್ಟನ್ನು ಎರಡು ಕೈಯಲ್ಲಿ ಹಿಡಿದು ಯಂತ್ರದ ಬಾಯಿಗಿಟ್ಟ.

ಯಂತ್ರ ಒಂದು ನಿಮಿಷ ಗುನುಗಿತು. ಆಮೇಲೆ ಟೇಪನ್ನು ಉಗುಳಿತು. ಪರದೆಯ ಮೇಲೆ ಒಂದಕ್ಷರವೂ ಮೂಡಲಿಲ್ಲ.

ಡೊಲೋರೆಸ್ ಅದನ್ನು ಮಗುಚಿದಳು. ಅಡಿಯಲ್ಲಿ ಸಣ್ಣದಾಗಿ ಅಚ್ಚೊತ್ತಿದ್ದನ್ನು ಕನ್ನಡಕ ಏರಿಸಿ ಓದಿದಳು: 'ಯಂತ್ರ ಶುಚಿಗೊಳಿಸಲು ಮಾತ್ರ.'

"ಹಾರ್ಲನ್," ಅವಳ ದನಿ ನಗೆಯಿಂದ ನಡುಗುತ್ತಿತ್ತು, "ಇಪ್ಪತ್ತೊಂದು ವರ್ಷ ನೀನು ಕಾಯ್ದದ್ದು ಪೊರಕೆ ಕಣಯ್ಯ."

ಅವನು ಹೆಸರು ಬರೆಯುತ್ತಿದ್ದದ್ದು ಪೆಟ್ಟಿಗೆಗಳ ಮೇಲೆ, ಟೇಪುಗಳ ಮೇಲಲ್ಲ. ಒಯ್ದ ಆ ಶುಕ್ರವಾರ ಮೇಜಿನ ಮೇಲೆ ಎರಡು ಟೇಪುಗಳಿದ್ದವು, ಅಳತೆಯದೊಂದು, ಶುಚಿಯದೊಂದು. ಒಂದೇ ಗಾತ್ರ, ಒಂದೇ ಬಣ್ಣ. ಗಡಿಯಾರ ಮೂರೂಕಾಲು ತೋರಿಸುತ್ತಿತ್ತು.

"ಹಾಗಾದ್ರೆ ಇನ್ನೊಂದು?" ಎಂದು ಡೊಲೋರೆಸ್ ಕೆಳಗಿನ ಡ್ರಾಯರಿಗೆ ಕೈಹಾಕಿದಳು. 'ಶುಚಿ ಟೇಪು' ಎಂದು ಬರೆದ ಪೆಟ್ಟಿಗೆ ದೂಳಿನಲ್ಲಿ ಮುಚ್ಚಿಹೋಗಿತ್ತು. "ಇದನ್ನ ಯಾವತ್ತೂ ಮುಟ್ಟೇ ಇಲ್ವಾ? ಯಂತ್ರ ಒರೆಸು ಅಂತ ಹಳದಿ ದೀಪ ಹತ್ತಿಲ್ವಾ?"

ಅವಳು ಯಂತ್ರದ ಮುಖ ನೋಡಿದಳು. ದೀಪವಿರಬೇಕಾದ ಕಡೆ ಕಪ್ಪು ಅಂಟುಪಟ್ಟಿಯ ತುಂಡೊಂದು ನೀಟಾಗಿ ಕೂತಿತ್ತು.

"ನನ್ನ ಯಂತ್ರಕ್ಕೆ ಕೊಳೆ ಹಿಡಿಯಲ್ಲ ಅಂತ..." ಎಂದ ಅವನು ಮೆಲ್ಲಗೆ.

ಅವಳು ಉಗುರಿನಿಂದ ಪಟ್ಟಿ ಕಿತ್ತಳು. ದೀಪ ಆರಿತ್ತು. ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ, ಈಗತಾನೆ, ಯಂತ್ರ ಬಾಯಿ ತೊಳೆದುಕೊಂಡಿತ್ತು.

ಡ್ರಾಯರಿನ ಟೇಪು ಒಳಗೆ ಹೋಯಿತು. ಟೇಪಿಗೆ ಆತುರವಿಲ್ಲ, ಬೇಕಾದ ಪುಟ ತೆರೆ ಎಂದರೆ ತೆರೆಯದು, ಮೊದಲಿಂದ ನಡೆದೇ ಬರಬೇಕು. ನವೆಂಬರ್ ಬಂತು. ಡಿಸೆಂಬರ್ ದಾಟಿತು. ಮೂರು ಗಂಟೆ ಐವತ್ತೆರಡಕ್ಕೆ ಏಪ್ರಿಲಿನ ಕೊನೆಯ ಹಿಮ ಪರದೆಯ ಮೇಲೆ ಬಿದ್ದು ನಿಂತಿತು.

ಲಿಂಡ್‌ಕ್ವಿಸ್ಟ್ ಇಣುಕಿದ. "ಯಾವುದು ಓದ್ತು?"

"ಟೇಪು," ಎಂದಳು ಡೊಲೋರೆಸ್. "ಮುದುಕ ಗೆದ್ದ."

"ಸರಿ, ಆ ಯಂತ್ರ ಇರಲಿ," ಎಂದು ಅವನು ಬಂದಂತೆಯೇ ಹೋದ.

ಹಾರ್ಲನ್ ಮಾತ್ರ ಗೆದ್ದವನಂತೆ ಕಾಣಲಿಲ್ಲ. "ಕಚೇರಿ ಸುಟ್ಟಿದ್ದಿದ್ರೆ, ಡೊಲೋರೆಸ್?"

"ಸುಟ್ಟಿದ್ದಿದ್ರೆ ಒರೆಸೋಕೆ ನಿನ್ನ ಹತ್ರ ಟೇಪಿರ್ತಿತ್ತು. ಒರೆಸಿಕೊಳ್ಳೋಕೆ ಯಂತ್ರ ಇರ್ತಿರ್ಲಿಲ್ಲ."

ತನಗರಿವಿಲ್ಲದೆ ಅವನು ನಕ್ಕುಬಿಟ್ಟ. ಅವಳು ಟೇಪಿನ ಮೈಮೇಲೆಯೇ ದಪ್ಪ ಅಕ್ಷರಗಳಲ್ಲಿ 'ಹಿಮ, ೧೯೯೮' ಎಂದು ಬರೆದು, ಬಿಸ್ಕತ್ತಿನ ಡಬ್ಬದಲ್ಲಿಟ್ಟು, ಕೋಟು ತೊಟ್ಟಳು.

"ಇನ್ಮೇಲೆ ಮನೆಗೆ ಒಯ್ಯೋದು ನಾನು. ಒಯ್ಯೋಕೆ ಮುಂಚೆ ಒಳಗೇನಿದೆ ಅಂತ ನೋಡ್ತೀನಿ ಕೂಡ. ಮುಂದಿನ ಶುಕ್ರವಾರ ಬಾ. ಆ ಯಂತ್ರಕ್ಕೆ ಬಾಯಿ ತೊಳೆಸೋ ಕೆಲಸ ನಿಂದು."

"ಐದನೇ ಮದುವೆ!" ಎಂದು ಕೂಗಿದ ಹಾರ್ಲನ್.

"ಇವನು ನಿಧಾನಿ. ಬಾಳ್ತಾನೆ," ಎನ್ನುತ್ತ ಅವಳು ಡಬ್ಬವನ್ನು ಕಂಕುಳಿಗೇರಿಸಿ ಹೊರನಡೆದಳು, ಅವಳ ಹಿಂದೆ ಬಾಗಿಲು ಮುಚ್ಚಿಕೊಂಡಿತು.