ಹೊಲಕ್ಕೆ ಕಟ್ಟಿದ ಸಿಡಿ

ಮೋನಮ್ಮನ ಗಂಡ ತೀರಿಕೊಂಡಿದ್ದ. ಮರುದಿನದ ಕಾರ್ಯಕ್ಕೆ ಅವನ ಫೋಟೋ ಬೇಕಿತ್ತು. ಇದ್ದದ್ದು ಒಂದೇ, ಕೆಂಭಾವಿಯ ಮೈನುದ್ದೀನನ ಸ್ಟುಡಿಯೋ ಕಂಪ್ಯೂಟರಿನಲ್ಲಿ. ಅದು ಶುರುವಾಗಲೊಲ್ಲದು.

ವಿಂಡೋಸ್ ಮತ್ತೆ ಹಾಕುವ ಸಿಡಿಯನ್ನು ಮೈನುದ್ದೀನನ ಹೆಂಡತಿ ಹಾಡಿನ ಸಿಡಿಗಳ ಜೊತೆ ದಾರಕ್ಕೆ ಪೋಣಿಸಿ, ಕಾಲುವೆ ಕೆಳಗಿನ ಭತ್ತಕ್ಕೆ ಹಕ್ಕಿ ಬಾರದಂತೆ ಹೊಲದಲ್ಲಿ ಕಟ್ಟಿದ್ದಳು. ಈಗ ಅದರ ತುಂಬ ಗೀರು.

ಸುರಪುರದ ಕಂಪ್ಯೂಟರ್ ಮೆಕ್ಯಾನಿಕ್ ಈಶಪ್ಪ ಫೋನಿನಲ್ಲಿ ನಕ್ಕ. “ಹಕ್ಕಿಗೆ ವಿಂಡೋಸ್ ಹಾಕೀರೇನು ಭಾಯಿ? ಇರಲಿ, ಅದರ ನಕಲು ಮಿಷಿನ್‌ನಾಗೇ ಇರ್ತದ. ಚಾಲೂ ಆಗೂವಾಗ ಎಫ್ ಹನ್ನೊಂದು ಒತ್ರಿ. ಸಿ ಡ್ರೈವ್ ಪೂರಾ ಅಳಸ್ತದ, ಡಿ ಉಳೀತದ. ಫೋಟೋ ಎಲ್ಲಿ ಅವ?”

“ಎಲ್ಲಾ ಡಿ ಒಳಗ ಅವ,” ಎಂದು ಮೈನುದ್ದೀನ ಒತ್ತಿದ.

ಕಂಪ್ಯೂಟರ್ ಹೊಸದರಂತೆ ಎದ್ದಿತು. ಆಗ ನೆನಪಾಯಿತು: ಗಿರಾಕಿ ಒಯ್ಯದೆ ಬಿಟ್ಟ ಫೋಟೋಗಳನ್ನು, ಕಣ್ಣೆದುರಿಗಿರಲೆಂದು, ಅವನು ಪರದೆಯ ಮೇಲೇ, ಡೆಸ್ಕ್‌ಟಾಪಿನಲ್ಲಿ, ಇಡುತ್ತಿದ್ದ. ಪರದೆಯ ಮೇಲಿನದೆಲ್ಲ ಸಿ ಡ್ರೈವಿನದು. ಮೋನಮ್ಮನ ಗಂಡ ಫೋಟೋ ತೆಗೆಸಿಕೊಂಡು ಹೋದವನು ಒಯ್ಯಲು ಬಂದಿರಲೇ ಇಲ್ಲ.

ಪಕ್ಕದಲ್ಲೇ ಕಾಯುತ್ತ ಕೂತಿದ್ದ ಮೋನಮ್ಮ ಬಗ್ಗಿ ನೋಡಿದಳು. ಪರದೆಯಲ್ಲಿ ವಿಂಡೋಸ್‌ನ ಜೊತೆಗೇ ಬರುವ ಚಿತ್ರವಷ್ಟೇ: ಹಸಿರು ದಿಬ್ಬ, ನೀಲಿ ಆಕಾಶ.

“ಯಾರ ಹೊಲರೀ ಇದು? ಕೆನಾಲ್ ನೀರು ಹತ್ತಿದಂಗ ಕಾಣ್ತದ.” ಸೆರಗಿನಿಂದ ಮುಖ ಒರೆಸಿಕೊಂಡಳು. “ಇನ್ನ ನಮ್ಮವರನ್ನ ತೋರಿಸ್ರಿ.”