ಬೇವಿಲ್ಲದ ಬೇವಿನ ವಾವ್

ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವಳು ನಾನು. ಎಲ್ಲೂ ಇಲ್ಲದ ಬಾವಿಯೊಂದು ಮೂರು ದಿನ ಬಿಸಿಲಲ್ಲಿ ಅಲೆಸಿದರೆ ಸಿಟ್ಟು ಬರದೆ ಇರುತ್ತದೆಯೇ?

ವಡೋದರಾದ ನಮ್ಮ ಸಂಘದವರು ಸುತ್ತಲಿನ ಹಳ್ಳಿಗಳ ಹೊಲ, ಕಟ್ಟೆ, ಹಳೆಯ ಬಾವಿಗಳ ಹೆಸರು ಬರೆದಿಡುವ ಕೆಲಸ ಹಿಡಿದಿದ್ದರು. ನನ್ನ ಪಾಲಿಗೆ ಬಂದದ್ದು ರಣೋದರಾ ಎಂಬ ಊರು. ನಮ್ಮವರು ಬ್ಯಾಂಕಿನಿಂದ ನಿವೃತ್ತರಾಗಿ ಮನೆಯಲ್ಲೇ ಇದ್ದರು, ಸ್ಕೂಟರ್ ಓಡಿಸುವ ಕೆಲಸ ಅವರಿಗೆ ಕೊಟ್ಟೆ.

ಊರಿನವರೆಲ್ಲ ತೋರಿಸಿದ್ದು ಜೀವಿಬಾ ಎಂಬ ಮುದುಕಿಯನ್ನು. ಗಂಡ ತೀರಿ ಎಷ್ಟೋ ಕಾಲವಾಗಿತ್ತು. ಮಂಡಿ ನೋವಿನಿಂದ ಮಂಚ ಬಿಟ್ಟು ಏಳುವವರಲ್ಲ. ಆದರೂ ಕೂತಲ್ಲೇ ಇಪ್ಪತ್ಮೂರು ಜಾಗಗಳ ಹೆಸರು ಹೇಳಿದರು: ನರಿ ಹೊಲ, ದಿಬ್ಬಣದ ಕಟ್ಟೆ, ಕಾಲುವೆಯ ಪಾಲಾದ ಎಳ್ಳಿನ ಹೊಲ. ಅರ್ಧದಷ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ.

ಕೊನೆಯದು ಬೇವಿನ ವಾವ್. ಮೆಟ್ಟಿಲಿಳಿದು ನೀರು ಮುಟ್ಟುವ ಬಾವಿಗೆ ಇಲ್ಲಿ ವಾವ್ ಎನ್ನುತ್ತಾರೆ. ಅವರು ಕೈತೋರಿದ ಕಡೆ ಹೋದರೆ ಅಲ್ಲಿದ್ದದ್ದು ರಣಛೋಡ್ ವಾವ್. ಬೇವಿನ ಗಿಡ ಹೋಗಲಿ, ಅದರ ಬೊಡ್ಡೆಯೂ ಇರಲಿಲ್ಲ. ಕೇಳಿದವರೆಲ್ಲ, "ಬೇವಿನ ವಾವಾ? ಕೇಳೇ ಇಲ್ಲ" ಎಂದರು.

ತಿರುಗಿ ಬಂದು, "ಜೀವಿಬಾ, ನೀವು ಹೇಳಿದ್ದು ರಣಛೋಡ್ ವಾವ್ ಏನು?" ಎಂದೆ. ಅವರು ಸೆರಗು ಎಳೆದುಕೊಂಡು ಗೋಡೆಯ ಕಡೆ ತಿರುಗಿದರು. ಮರುದಿನವೂ ಅದೇ. ಮರೆವೋ, ಕಿವುಡೋ, ನನ್ನನ್ನು ಆಟ ಆಡಿಸುತ್ತಿದ್ದಾರೋ ಒಂದೂ ತಿಳಿಯದೆ ತಲೆ ಕೆಟ್ಟುಹೋಯಿತು.

ಸಂಘದ ನಿಯಮ ಖಡಕ್ಕಾಗಿತ್ತು. ಒಬ್ಬರು ಹೇಳಿದ ಒಂದು ಜಾಗ ಇಲ್ಲವೆಂದಾದರೆ ಅವರು ಹೇಳಿದ್ದನ್ನೆಲ್ಲ ಕೈಬಿಡಬೇಕು. ಮೂರನೆಯ ದಿನ ಇಪ್ಪತ್ಮೂರನ್ನೂ ಹೊಡೆದುಹಾಕಲು ಪೆನ್ನು ತೆಗೆದೆ. ಜೀವಿಬಾ ಪೆನ್ನನ್ನೇ ನೋಡುತ್ತಿದ್ದರು. "ನಾನು ಸುಳ್ಳು ಹೇಳಿಲ್ಲ ಮಗಳೇ. ನಾನು ಹೋದ ಮೇಲೆ ಆ ಹೊಲಗಳ ಹೆಸರು ಯಾರು ಹೇಳ್ತಾರೆ?" ಎಂದರು. ಪೆನ್ನು ಕೆಳಗಿಟ್ಟೆ. ಆದರೆ ಇಲ್ಲದ ಬಾವಿಯನ್ನು ಎಲ್ಲಿಂದ ತರಲಿ?

ಅಷ್ಟರಲ್ಲಿ ನಮ್ಮವರು ಎಮ್ಮೆ ನೋಡುತ್ತ ದೂರ ಹೋಗಿದ್ದರು. "ರೀ, ಇಲ್ಲಿ ಬರ್ರಿ! ಹೊತ್ತಾತು!" ಎಂದು ಕೂಗಿದೆ.

"ನಿನ್ನ ಗಂಡನ ಹೆಸರೇನು?" ಎಂದರು ಜೀವಿಬಾ.

ಬಾಯಿ ತೆರೆದೆ, ಹೆಸರು ಬರಲಿಲ್ಲ. ಧಾರವಾಡದಲ್ಲಿ ಮದುವೆಯ ದಿನ ಒಡಪು ಕಟ್ಟಿ ಹೇಳಿದ್ದೇ ಕೊನೆ. "ಪಾಂಡವರಲ್ಲಿ ಎರಡನೇವ್ರು, ಗದೆ ಹಿಡಿದವ್ರು" ಎಂದೆ.

"ಭೀಮ!" ಎಂದು ಮುದುಕಿ ಹಲ್ಲಿಲ್ಲದ ಬಾಯಲ್ಲಿ ನಕ್ಕರು. ಆಮೇಲೆ ದನಿ ತಗ್ಗಿಸಿ, "ನಮ್ಮವರು ಡಾಕೋರಿನ ಗುಡಿಯಲ್ಲಿರೋ ದೇವರು" ಎಂದರು.

ಡಾಕೋರಿನ ದೇವರು ರಣಛೋಡರಾಯ ಎಂಬುದು ಗುಜರಾತಿನಲ್ಲಿ ಮಗುವಿಗೂ ಗೊತ್ತು. ನನಗೂ ಗೊತ್ತು, ದಡ್ಡಿ! ಮಿಕ್ಕದ್ದನ್ನು ಜೀವಿಬಾ ತಾವೇ ಹೇಳಿದರು. ಮಣ್ಣು ತುಂಬಿದ್ದ ಹಳೆಯ ವಾವನ್ನು ತೋಡಿಸಿ ನೀರು ಬರಿಸಿದ್ದು ಅವರ ಗಂಡ. ಊರು ಅವರ ಹೆಸರಿಟ್ಟು ಕರೆಯಿತು. ಅವತ್ತಿನಿಂದ ಹೆಂಡತಿಗೆ ಮಾತ್ರ ಆ ಬಾವಿಯ ಹೆಸರು ಹೇಳುವಂತಿರಲಿಲ್ಲ, ಬೇರೆಯವರು ಹೇಳಿದಾಗ ಹೌದೆನ್ನಲೂ ನಾಚಿಕೆ. ಪಕ್ಕದಲ್ಲಿದ್ದ ಬೇವಿನ ಹೆಸರನ್ನು ತಾವೇ ಇಟ್ಟುಕೊಂಡರು. ಬೇವು ಬಿದ್ದುಹೋದರೂ ಹೆಸರು ಉಳಿಯಿತು, ಅವರೊಬ್ಬರ ಬಾಯಲ್ಲಿ.

ಎರಡು ಹೆಸರನ್ನೂ ಒಂದೇ ಸಾಲಿನಲ್ಲಿ ಬರೆದೆ. ಇಪ್ಪತ್ಮೂರೂ ಉಳಿದವು. ನಾಚಿಕೆಯಿಂದ ಅವರ ಮುಖ ನೋಡಲಾಗಲಿಲ್ಲ.

ಜೀವಿಬಾ ಹಾಳೆಯನ್ನು ಮಡಿಲಿಗೆ ಎಳೆದುಕೊಂಡರು. "ನನಗೆ ಓದೋಕೆ ಬರಲ್ಲ. ಅವರದು ಯಾವುದು?"

ತೋರಿಸಿದೆ. ಬೆರಳನ್ನು ಆ ಅಕ್ಷರಗಳ ಮೇಲೆ ಮೆಲ್ಲಗೆ ಆಡಿಸಿ, ಮತ್ತೆ ಮೊದಲಿನಿಂದ ಆಡಿಸಿ ಕೇಳಿದರು:

"ಇಷ್ಟು ವರ್ಷ ಬಾಯಿಗೆ ಬರದ ಹೆಸರು, ಇಷ್ಟೇನಾ?"