ಲಾ ಪಾಯಿಂಟ್ ಹೂಂಗುಟ್ಟಿದ ದಿನ

ಪಾರ್ಲರ್ ಅಕ್ಕ ಇಡೀ ಬೀದಿಗೆ ಬೇಕಾದವಳು. ಅವಳ ಕೈಗುಣ ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣವೆಂದರೆ ಅವಳು ಯಾರ ಮಾತಿಗೂ ಇಲ್ಲ ಅಂದವಳಲ್ಲ. ಕುರ್ಚಿಯಲ್ಲಿ ಕೂತ ಅತ್ತೆ ಸೊಸೆಯನ್ನು ಬೈದರೆ, "ಈಗಿನ ಹುಡುಗೀರೇ ಹಾಗೆ ಬಿಡಿ" ಅನ್ನುವಳು. ಮಾರನೆಯ ದಿನ ಅದೇ ಸೊಸೆ ಬಂದು ಅತ್ತೆಯನ್ನು ಬೈದರೆ, "ಹಿಂದಿನ ಕಾಲದವರಿಗೆ ಎಷ್ಟು ಹೇಳಿದ್ರೂ ಅಷ್ಟೇ" ಅನ್ನುವಳು. ಚುನಾವಣೆ ಬಂತೆಂದರೆ ಮುಗಿಯಿತು. ಬೆಳಿಗ್ಗೆ ಅವಳು ಆಳುವ ಪಕ್ಷ, ಮಧ್ಯಾಹ್ನ ವಿರೋಧ ಪಕ್ಷ, ಬಾಗಿಲು ಹಾಕುವ ಹೊತ್ತಿಗೆ ಪಕ್ಷೇತರ. ಇದನ್ನು ಸುಳ್ಳು ಎಂದು ಅಕ್ಕ ಯಾವತ್ತೂ ಎಣಿಸಿರಲಿಲ್ಲ. ಟವೆಲ್ ಒಗೆಯುವುದು, ಬಾಚಣಿಗೆ ತೊಳೆಯುವುದು ಹೇಗೆ ಕಸುಬಿನ ಭಾಗವೋ ಹೂಂಗುಟ್ಟುವುದೂ ಹಾಗೇ.

ಇಂಥವಳ ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೆ ಬೀದಿಯವರು ಇಟ್ಟ ಹೆಸರು ಲಾ ಪಾಯಿಂಟ್. ಊಟಕ್ಕೆ ಬಾರೆ ಅಂದರೆ, "ಹಸಿವಾದಾಗ ಊಟ ಮಾಡಬೇಕಾ, ಗಂಟೆ ಆದಾಗ ಮಾಡಬೇಕಾ, ಮೊದಲು ಅದನ್ನ ಹೇಳು" ಅನ್ನುವ ಜಾತಿ. ಶಾಲೆಯಲ್ಲಿ ಹೆಡ್ ಮಿಸ್ಸಿನ ಭಾಷಣವನ್ನೇ ನಡುವೆ ನಿಲ್ಲಿಸಿ ಪ್ರಶ್ನೆ ಕೇಳಿದ್ದಳು. ಆ ಹೆಡ್ ಮಿಸ್ ಈಗ ನಿವೃತ್ತರಾಗಿ, ತಿಂಗಳು ತಿಂಗಳೂ ಅಕ್ಕನ ಹತ್ತಿರ ತಲೆಗೆ ಬಣ್ಣ ಹಚ್ಚಿಸಿಕೊಳ್ಳುತ್ತಾ, ಆ ಪ್ರಶ್ನೆಯನ್ನು ಇನ್ನೂ ಮರೆಯದೆ ನೆನಪಿಸುತ್ತಿದ್ದರು.

ಈ ಹುಡುಗಿಗೆ ಓದಬೇಕಾಗಿದ್ದದ್ದು ಸಮಾಜಶಾಸ್ತ್ರ ಮತ್ತು ರಾಜ್ಯಶಾಸ್ತ್ರ, ಎರಡೂ ಸೇರಿದ ಕೋರ್ಸು. ಅದೂ ಎಲ್ಲೋ ಸಿಕ್ಕಿದ ಕಡೆಯಲ್ಲ, ದೇಶದಲ್ಲೇ ದೊಡ್ಡದು ಎನಿಸಿಕೊಂಡ ವಿಶ್ವವಿದ್ಯಾಲಯದಲ್ಲಿ. ಅಲ್ಲಿಗೆ ಅರ್ಜಿ ಹಾಕಿದವರನ್ನೆಲ್ಲ ನಿಲ್ಲಿಸಲು ಆಟದ ಮೈದಾನ ಬೇಕು, ಆಯ್ಕೆಯಾಗುವವರು ಪಾರ್ಲರ್ ಬೆಂಚಿನ ಮೇಲೆ ಒತ್ತಿಕೊಂಡು ಕೂರಬಹುದು. ಮಗಳು ಪರೀಕ್ಷೆಯಲ್ಲಿ ದಾಟಿದಳು, ಪ್ರಬಂಧದಲ್ಲಿ ದಾಟಿದಳು. ಉಳಿದದ್ದು ಸಂದರ್ಶನ. ಅಕ್ಕ ಹೆದರಿದ್ದು ಆಗಲೇ. ಬರೆಯುವಾಗ ಹೇಗೋ ಆಯಿತು, ಬಾಯಿ ಬಿಟ್ಟರೆ ಸೀಟು ಗೋತಾ ಎಂದು ಅವಳಿಗೆ ಖಾತ್ರಿಯಾಗಿ ಹೋಯಿತು.

"ನೋಡೆ, ಅವರು ಏನು ಹೇಳಿದ್ರೂ ಮೊದಲು ಹೌದು ಅನ್ನು" ಎಂದು ಶುರುಮಾಡಿದಳು. "ಆಮೇಲೆ ಒಂದು ಒಳ್ಳೆ ಮಾತು ಸೇರಿಸು. ಸುಮ್ಮನೆ ನಗು. ಇಷ್ಟೇ ವಿದ್ಯೆ."

"ಅವರು ತಪ್ಪು ಹೇಳಿದ್ರೆ?"

"ಕುರ್ಚೀಲಿ ಕೂತವರು ತಪ್ಪು ಹೇಳಲ್ಲ."

"ಕುರ್ಚೀಲಿ ಕೂರೋದು ನಾನಲ್ವಾ?"

"ಇದೇ, ಇದನ್ನೇ ಬೇಡ ಅಂದಿದ್ದು."

ಹಾಗೆ ಪಾರ್ಲರ್‌ನಲ್ಲಿ ತಾಲೀಮು ನಡೆಯಿತು. ಮುಖಕ್ಕೆ ಕ್ರೀಮು ಮೆತ್ತಿಸಿಕೊಂಡು ಮಲಗಿದ ಗಿರಾಕಿಗಳೇ ಪ್ರೊಫೆಸರುಗಳು. ಒಬ್ಬಾಕೆ, "ಹೆಣ್ಣುಮಕ್ಕಳಿಗೆ ಯಾಕೆ ಬೇಕು ರಾಜಕೀಯ?" ಎಂದು ಕೇಳಿದಳು. ಲಾ ಪಾಯಿಂಟ್ ಹಲ್ಲು ಕಚ್ಚಿ, "ನೀವು ಹೇಳೋದೂ ಸರಿ ಆಂಟಿ" ಎಂದಳು. ಅಕ್ಕನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಹುಟ್ಟಿದಾಗಿನಿಂದ ತನ್ನ ಒಂದು ಮಾತನ್ನೂ ಕೇಳದ ಮಗಳು ಇದೊಂದನ್ನು ಕೇಳುತ್ತಿದ್ದಾಳೆಂದರೆ ಆ ಸೀಟು ಅವಳಿಗೆ ಎಷ್ಟು ಬೇಕಾಗಿರಬೇಡ ಎಂದು ಮರುಕವೂ ಆಯಿತು.

ಸಂದರ್ಶನ ಕಂಪ್ಯೂಟರಿನಲ್ಲಿ. ಮನೆ ಪಾರ್ಲರಿನ ಮಹಡಿಯ ಮೇಲಿತ್ತು, ಆದರೆ ಅಲ್ಲಿ ನೆಟ್ ಬರುವುದಕ್ಕಿಂತ ಹೋಗುವುದೇ ಜಾಸ್ತಿ. ಆದ್ದರಿಂದ ವಾರದ ರಜೆಯ ದಿನ ಪಾರ್ಲರಿನಲ್ಲೇ ಎಂದು ತೀರ್ಮಾನವಾಯಿತು. ಆ ದಿನ ಸಂದರ್ಶನಕ್ಕೆ ಸ್ವಲ್ಪ ಮುಂಚೆ ಹೆಡ್ ಮಿಸ್ ಬಾಗಿಲು ತಟ್ಟಿದರು. ಸಂಜೆ ಹಳೆಯ ವಿದ್ಯಾರ್ಥಿಗಳು ಸನ್ಮಾನ ಮಾಡುತ್ತಾರಂತೆ, ತಲೆ ಹೀಗೆ ಬಿಟ್ಟುಕೊಂಡು ಹೇಗೆ ಹೋಗುವುದು? ಇವತ್ತು ಆಗಲ್ಲ ಮಿಸ್ ಎನ್ನಬೇಕಿತ್ತು ಅಕ್ಕ. ಆದರೆ ಇಲ್ಲ ಅನ್ನುವ ಅಭ್ಯಾಸ ಬೇಕಲ್ಲ. "ಬನ್ನಿ ಮಿಸ್, ಅದಕ್ಕೇನಂತೆ" ಎಂದಳು.

ಹೀಗಾಗಿ ಸಂದರ್ಶನ ಶುರುವಾದಾಗ ಫೇಶಿಯಲ್ ಮಾಡುವ ಮೂಲೆಯ ಪರದೆ ಹಿಂದೆ ಅಕ್ಕ ಮತ್ತು ತಲೆ ತುಂಬಾ ಬಣ್ಣ ಮೆತ್ತಿಕೊಂಡ ಹೆಡ್ ಮಿಸ್ ಉಸಿರು ಬಿಗಿಹಿಡಿದು ಕೂತಿದ್ದರು.

ಕಂಪ್ಯೂಟರಿನ ತೆರೆಯ ಮೇಲೆ ಇಬ್ಬರು ಪ್ರೊಫೆಸರುಗಳು. ಒಬ್ಬರು ಗಡ್ಡದವರು, ಇನ್ನೊಬ್ಬರು ಹೆಂಗಸು. ಪರದೆಯ ಸಂದಿಯಿಂದ ಅಕ್ಕ ಮೊದಲು ನೋಡಿದ್ದು ಆ ಹೆಂಗಸಿನ ಮುಂಗೂದಲನ್ನು. ಮನೆಯಲ್ಲಿ ತಾನೇ ಕತ್ತರಿಸಿಕೊಂಡಿದ್ದಾರೆ, ಪಾಪ, ಎಂದುಕೊಂಡಳು.

"ಸಮಾಜ ಬದಲಾಗೋದು ಕಾನೂನಿನಿಂದ ಅಂತೀನಿ ನಾನು" ಎಂದರು ಗಡ್ಡದವರು. "ನಿಮಗೇನನ್ಸುತ್ತೆ?"

"ಹೌದು ಸರ್. ತುಂಬಾ ಚೆನ್ನಾಗಿ ಹೇಳಿದ್ರಿ."

"ನನಗೆ ಹಾಗನ್ಸಲ್ಲ" ಎಂದರು ಮುಂಗೂದಲಿನವರು. "ಜನ ಮೊದಲು ಬದಲಾಗ್ತಾರೆ, ಕಾನೂನು ಹಿಂದಿನಿಂದ ಓಡಿಬರುತ್ತೆ."

"ನೀವು ಹೇಳೋದೂ ಸರಿ ಮೇಡಂ."

ಪರದೆ ಹಿಂದೆ ಅಕ್ಕ ಹೆಡ್ ಮಿಸ್ಸಿನ ಕೈ ಹಿಸುಕಿದಳು. ಹೆಡ್ ಮಿಸ್ ಮಾತ್ರ ಹುಬ್ಬು ಗಂಟಿಕ್ಕಿ, "ಹುಡುಗಿಗೆ ಜ್ವರಾನಾ?" ಎಂದು ಪಿಸುಗುಟ್ಟಿದರು.

ಪ್ರಶ್ನೆ ಬಂತು, ಹೌದು ಹೋಯಿತು. ಪ್ರಶ್ನೆ ಬಂತು, ಹೌದು ಹೋಯಿತು. ಗಡ್ಡದವರು ಗಡಿಯಾರ ನೋಡಿಕೊಂಡರು. ಕೊನೆಗೆ ಮುಂಗೂದಲಿನವರು ಕೆಲವು ಹಾಳೆಗಳನ್ನು ಎತ್ತಿಕೊಂಡರು.

"ನಿಮ್ಮ ಪ್ರಬಂಧ ನಮಗೆ ಇಷ್ಟವಾಗಿತ್ತು. ನಿಮ್ಮ ತಾಯಿ ಪಾರ್ಲರ್‌ನಲ್ಲಿ ಎಲ್ಲರ ಮಾತಿಗೂ ಒಪ್ಕೋತಾರೆ, ಒಪ್ಕೊಳ್ಳೋದೂ ಒಂದು ದುಡಿಮೆ ಅಂತ ಬರೆದಿದೀರಿ. ಆದರೆ ನನಗೊಂದು ಅನುಮಾನ. ಅಂಥವರಿಗೆ ನಿಜವಾಗಲೂ ಸ್ವಂತ ಅಭಿಪ್ರಾಯ ಅಂತ ಏನೂ ಇರೋದಿಲ್ಲವೇನೋ. ಇಲ್ಲದ್ದನ್ನ ನೀವು ಇದೆ ಅಂತ ಊಹಿಸ್ಕೊಂಡಿದೀರೇನೋ."

ಮಗಳ ಕುತ್ತಿಗೆಯ ನರ ಉಬ್ಬಿದ್ದು ಅಕ್ಕನಿಗೆ ಕಂಡಿತು. ಆಮೇಲೆ ಸಣ್ಣ ದನಿ ಬಂತು.

"ಹೌದು ಮೇಡಂ. ಇರಬಹುದು."

ಅಕ್ಕನಿಗೆ ಏನಾಯಿತೋ ಅವಳಿಗೇ ತಿಳಿಯದು. ಕಸುಬಿಗೆ ಇಳಿದಂದಿನಿಂದ ನುಂಗಿದ್ದೆಲ್ಲ ಒಟ್ಟಿಗೆ ನೆತ್ತಿಗೇರಿತು. ಪರದೆ ಸರಿಸಿ, ಬಣ್ಣದ ಬ್ರಷ್ಷು ಹಿಡಿದ ಕೈಯಲ್ಲೇ ಹೊರಗೆ ಬಂದಳು.

"ನನಗೆ ಅಭಿಪ್ರಾಯ ಇಲ್ಲ ಅಂದವರು ಯಾರು?"

"ಅಮ್ಮಾ" ಎಂದಳು ಮಗಳು, ಮುಖ ಸುಣ್ಣವಾಗಿ.

"ಬನ್ನಿ, ಬನ್ನಿ" ಎಂದರು ಗಡ್ಡದವರು ಮೊದಲ ಸಲ ಚುರುಕಾಗಿ. "ನೀವಿಬ್ಬರೂ ಆಗಿನಿಂದ ಕನ್ನಡಿಯಲ್ಲಿ ಕಾಣಿಸ್ತಾನೇ ಇದೀರಿ."

ಅಕ್ಕ ಹಿಂತಿರುಗಿ ನೋಡಿದಳು. ಮಗಳ ಬೆನ್ನ ಹಿಂದೆ ಗೋಡೆಯುದ್ದಕ್ಕೂ ಕನ್ನಡಿ, ಪರದೆ ಹಿಂದಿನದೆಲ್ಲ ಅದರಲ್ಲಿ ಕಾಣುತ್ತಿತ್ತು. ಬದುಕೆಲ್ಲ ಕನ್ನಡಿಗಳ ನಡುವೆ ಕಳೆದವಳಿಗೆ ಅದೊಂದು ಹೊಳೆದಿರಲಿಲ್ಲ. ಅದರೊಳಗಿಂದ ಹೆಡ್ ಮಿಸ್, ತಲೆಯಿಂದ ಬಣ್ಣ ಇಳಿಯುತ್ತಿದ್ದರೂ, ಪ್ರೊಫೆಸರುಗಳಿಗೆ ಗಂಭೀರವಾಗಿ ನಮಸ್ಕಾರ ಮಾಡಿದರು.

"ಅಭಿಪ್ರಾಯ ನನಗೂ ಇದೆ ಮೇಡಂ" ಎಂದಳು ಅಕ್ಕ. ಆದರೆ ಅಷ್ಟು ಹೇಳಿದ ಮೇಲೆ ಮುಂದೇನು ಹೇಳಬೇಕೆಂದು ತಿಳಿಯಲಿಲ್ಲ. ಅಭ್ಯಾಸವಿಲ್ಲದ ನಾಲಿಗೆ ತಡವರಿಸಿತು.

"ಇದ್ರೆ ಯಾಕಮ್ಮ ಯಾರಿಗೂ ಹೇಳಲ್ಲ?" ಎಂದಳು ಮಗಳು. ಅದು ಹಳೆಯ ದನಿ, ಲಾ ಪಾಯಿಂಟಿನ ದನಿ. ಕ್ಯಾಮೆರಾ ಇದೆಯೆಂಬುದನ್ನು ಅವಳು ಮರೆತಿದ್ದಳು.

"ಹೇಳಿದ್ರೆ ನಾಳೆ ಯಾರು ಬರ್ತಾರೆ?"

"ಅದನ್ನೇ ನಾನು ಬರೆದಿದ್ದು. ನೀನು ಹೇಳದೆ ಇರೋದು ನಿನಗೆ ಇಲ್ಲ ಅಂತಲ್ಲ, ಹೇಳೋಕೆ ಖರ್ಚಾಗುತ್ತೆ ಅಂತ." ಮಗಳು ತೆರೆಯತ್ತ ತಿರುಗಿದಳು. "ಮೇಡಂ, ಈಗ ನಾನು ಹೌದು ಅಂದಿದ್ದು ಸುಳ್ಳು. ನೀವು ಹೇಳಿದ್ದು ತಪ್ಪು. ಸರ್, ನೀವು ಮೊದಲು ಹೇಳಿದ್ದೂ ಪೂರ್ತಿ ಸರಿಯಿಲ್ಲ. ನನಗೆ ಸೀಟು ಬೇಕಾಗಿತ್ತು, ಅದಕ್ಕೆ ಒಪ್ಕೊಂಡೆ. ಸೀಟು ನಿಮ್ಮ ಕೈಲಿಲ್ಲದಿದ್ರೆ ಒಂದಕ್ಕೂ ಒಪ್ತಿರಲಿಲ್ಲ."

"ಹಾಗಾದರೆ ತಾಯಿ ಮಾಡೋದು ಸರೀನಾ?" ಎಂದು ಮುಂಗೂದಲಿನವರು ಮುಂದಕ್ಕೆ ಬಾಗಿದರು.

ಅಕ್ಕ ಬ್ರಷ್ಷನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಈ ಪ್ರಶ್ನೆಗೆ ಉತ್ತರ ಕೇಳುವ ಧೈರ್ಯ ಅವಳಿಗಿರಲಿಲ್ಲ, ಅಲ್ಲಿಂದ ಹೋಗುವ ಧೈರ್ಯವೂ ಇರಲಿಲ್ಲ.

"ಸರಿ ಅಲ್ಲ ಮೇಡಂ" ಎಂದಳು ಮಗಳು. "ಆದರೆ ಅಮ್ಮ ದಿನಾ ಕೆಳಗೆ ಹೌದು ಹೌದು ಅಂದಿದ್ದಕ್ಕೇ ನಾನು ಮೇಲೆ ಮನೇಲಿ ಕೂತು ಎಲ್ಲದಕ್ಕೂ ಇಲ್ಲ ಅಂದ್ಕೊಂಡು ಬೆಳೆಯೋಕಾಯ್ತು. ಅದಕ್ಕೆ ತಪ್ಪು ಅಂತ ಹೇಳೋಕೂ ನನಗೆ ಕಷ್ಟ."

ಅಕ್ಕನಿಗೆ ಅಳು ಬಂದೇಬಿಡುತ್ತಿತ್ತು, ಅಷ್ಟರಲ್ಲಿ ಹೆಡ್ ಮಿಸ್ ಒಳಗಿನಿಂದ, "ಏನಮ್ಮ, ತಲೆ ಉರೀತಿದೆ" ಎಂದರು.

ಫಲಿತಾಂಶ ಆಮೇಲೆ ತಿಳಿಸುತ್ತೇವೆಂದು ಪ್ರೊಫೆಸರುಗಳು ಸಂದರ್ಶನ ಮುಗಿಸಿದರು. ತೊಳೆಯುವುದು ತಡವಾಗಿ ಹೆಡ್ ಮಿಸ್ಸಿನ ಕೂದಲು ಕಪ್ಪೂ ಅಲ್ಲ, ಕಂದೂ ಅಲ್ಲ, ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಹೆಡ್ ಮಿಸ್ ಕನ್ನಡಿ ನೋಡಿಕೊಂಡು, "ಹೇಗಿದೆ?" ಎಂದು ಕೇಳಿದರು.

"ಚೆನ್ನಾಗಿಲ್ಲ ಮಿಸ್" ಎಂದುಬಿಟ್ಟಳು ಅಕ್ಕ.

ಹೆಡ್ ಮಿಸ್ ಕನ್ನಡಿ ಬಿಟ್ಟು ಅಕ್ಕನ ಕಡೆ ತಿರುಗಿದರು. "ಹಾಗಾದರೆ ಇಷ್ಟು ವರ್ಷ ಚೆನ್ನಾಗಿದೆ ಅಂದಿದ್ದು?" ಎಂದರು. ಅಕ್ಕ ಟವೆಲ್ ಮಡಿಸತೊಡಗಿದಳು.

ಆಮೇಲಿನ ದಿನಗಳೇ ಕಷ್ಟದವು. ಮಗಳು ಜಗಳವಾಡಲಿಲ್ಲ. ಊಟಕ್ಕೆ ಬಾರೆ ಅಂದರೆ, "ಆಯ್ತಮ್ಮ." ಸಂದರ್ಶನ ನಾನೇ ಹಾಳುಮಾಡಿದೆ ಅಲ್ವಾ ಅಂದರೆ, "ಹೌದಮ್ಮ." ಹೋಗಲಿ, ಬೇರೆ ಕಾಲೇಜು ನೋಡೋಣ ಅಂದರೆ, "ಸರಿಯಮ್ಮ." ಬೈದಿದ್ದರೆ ಅಕ್ಕ ಬೈಸಿಕೊಳ್ಳುತ್ತಿದ್ದಳು, ಇದನ್ನು ತಡೆದುಕೊಳ್ಳಲು ಆಗಲಿಲ್ಲ. ತನ್ನ ಮನೆಯಲ್ಲಿ ತನ್ನನ್ನೇ ಗಿರಾಕಿಯಾಗಿ ಕೂರಿಸಿದ ಹಾಗಾಗಿತ್ತು. ಹೌದೆಂದು ಹೇಳಿಸಿಕೊಳ್ಳುವುದು ಇಷ್ಟು ಒಂಟಿ ಕೆಲಸ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ರಾತ್ರಿ ಮಲಗಿ, ಮಗಳ ಸೀಟನ್ನು ತನ್ನ ಬಾಯೇ ತಿಂದಿತಲ್ಲ ಎಂದು ಕೊರಗಿದಳು.

ಫಲಿತಾಂಶ ಬಂದಾಗ ಅಕ್ಕ ಒಬ್ಬಾಕೆಯ ಹುಬ್ಬಿಗೆ ದಾರ ಹಿಡಿದಿದ್ದಳು. ಮಹಡಿಯಿಂದ ಮಗಳು ಧಡಧಡ ಇಳಿದು ಬಂದಳು. ಮೊಬೈಲನ್ನು ತಾಯಿಯ ಮುಖಕ್ಕೇ ಹಿಡಿದಳು. ಸೀಟು ಸಿಕ್ಕಿತ್ತು.

ಅಕ್ಕ ದಾರ ಬಿಟ್ಟಳು. ಗಿರಾಕಿ ಒಂದೇ ಹುಬ್ಬಿನಲ್ಲಿ ಎದ್ದು ಕೂತಳು. ತಾಯಿ ಮಗಳು ತಬ್ಬಿಕೊಂಡು ಅತ್ತದ್ದೂ ನಕ್ಕದ್ದೂ ಆದ ಮೇಲೆ, ಅಕ್ಕ ಕಣ್ಣೊರೆಸಿಕೊಂಡು, "ಅಂತೂ ನಾನು ಅವತ್ತು ಹೊರಗೆ ಬಂದಿದ್ದಕ್ಕೇ ಸಿಕ್ತು" ಎಂದಳು. ಎಂದವಳು ಮಗಳ ಬಾಯನ್ನೇ ನೋಡುತ್ತಾ ನಿಂತಳು. ಇನ್ನೊಂದು ಹೌದಮ್ಮ ಬಂದರೆ ಅವಳಿಂದ ಸಹಿಸಲು ಆಗುತ್ತಿರಲಿಲ್ಲ.

"ನೀನು ಬಂದಿದ್ದಕ್ಕಾ?" ಎಂದಳು ಮಗಳು. "ನೀನು ಬಂದ್ರೂ ಸಿಕ್ತು ಅನ್ನು. ಆ ಬ್ರಷ್ಷು ಹಿಡ್ಕೊಂಡು ಬಂದಿದ್ಯಲ್ಲ, ಬೇರೆಯವರಾಗಿದ್ರೆ ಕಾಲ್ ಕಟ್ ಮಾಡ್ತಿದ್ರು."

"ಏನೇ ಹಾಗಂದ್ರೆ? ಅಲ್ಲೀವರೆಗೂ ಹೌದು ಮೇಡಂ, ಹೌದು ಮೇಡಂ ಅಂತಿದ್ದವಳು ಯಾರು?"

"ಹಾಗನ್ನೋಕೆ ಹೇಳಿಕೊಟ್ಟವಳು ಯಾರು?"

ಅಕ್ಕನ ಎದೆಯ ಮೇಲಿನ ಕಲ್ಲು ಇಳಿಯಿತು. ಇಬ್ಬರೂ ಗಿರಾಕಿಯನ್ನು ನಡುವೆ ಕೂರಿಸಿಕೊಂಡು ಮನಸಾರೆ ಜಗಳವಾಡಿದರು. ಪಾಪ ಆ ಹೆಂಗಸು ಆಗಾಗ, "ನೀವು ಹೇಳೋದೂ ಸರಿ" ಎನ್ನುತ್ತಾ, ಇನ್ನೊಂದು ಹುಬ್ಬಿನ ಸರದಿಗೆ ಕಾಯುತ್ತಿದ್ದಳು.